ಪುಟ್ಟಿಯ ದವಡೆ ಹಲ್ಲು

ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ಪುಟ್ಟಿಯ ಬಲಗಡೆಯ ದವಡೆ ಹಲ್ಲು ಹೇಗಿದೆ? ನಮ್ಮ ಲ್ಯಾಬಿನ ಸಾಹೇಬರು ಹುಳುಕನ್ನು ಪುಕ್ಕಟೆ ತುಂಬಿಕೊಡುತ್ತಾರೆಂದು ನಿನ್ನ ಮಗಳನ್ನು ನಾನೇ ಕರೆದೊಯ್ದೆನಲ್ಲ, ಅದೇ ಚಿಂತೆ. ನೀನು ಗಾಬರಿಯಾಗಬೇಡ, ಅದಕ್ಕೆ ನಾನಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಹಲ್ಲಿಗೆ ತುಂಬುವ ಸಿಮೆಂಟನ್ನು ಬಟಾಣಿಯಷ್ಟು ಗಾತ್ರಕ್ಕೆ ಅಚ್ಚಿನಲ್ಲಿ ಹೊಯ್ದು, ಬೆಚ್ಚನೆಯ ನೀರಿನಲ್ಲಿ ನೆನೆಸಿ, ಎಷ್ಟು ಭಾರಕ್ಕೆ ಒಡೆಯುತ್ತದೆಂದು ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಬಾಯಿ ಯಾವಾಗಲೂ ಒದ್ದೆ ತಾನೇ? ನೀರಿನ ತೊಟ್ಟಿ ಕೆಟ್ಟಿತ್ತೆಂದು ಹೊಸ ಸಿಮೆಂಟನ್ನು ನೆನೆಸದೆ ಒಣಗಿದ್ದ ಹಾಗೆಯೇ ಒತ್ತಿದ್ದರು. ಕಲ್ಲಿನ ಹಾಗೆ ನಿಂತಿತ್ತು. ಪುಟ್ಟಿಯ ಹಲ್ಲಿಗೆ ತುಂಬಿದ್ದೂ ಅದನ್ನೇ. ಈ ವಾರ ತೊಟ್ಟಿ ಸರಿಹೋಯಿತು. ಉಳಿದ ತುಣುಕುಗಳನ್ನು ನೆನೆಸಿ ಒತ್ತಿದೆ. ಒಂದೊಂದೂ ನೆಂದ ಸೀಮೆಸುಣ್ಣದಂತೆ ಉದುರಿತು.

ಸಾಹೇಬರಿಗೆ ತೋರಿಸಿದರೆ ನಕ್ಕರು. "ಏ ಪುಕ್ಕಲ, ಯಂತ್ರಕ್ಕೇನು ಗೊತ್ತೋ? ಬಾಯಲ್ಲಿ ಎಷ್ಟು ದಿನ ನಿಲ್ಲುತ್ತೆ ಅಂತ ನಿಮ್ಮ ಪುಟ್ಟಿ ಹೇಳ್ತಾಳೆ ಬಿಡು" ಎಂದರು. ಪುಕ್ಕಟೆ ಯಾಕೆಂದು ನನಗೆ ಆಗಲೇ ತಿಳಿದದ್ದು.

ಅವಳು ಆ ಕಡೆ ಏನನ್ನೂ ಅಗಿಯದಿರಲಿ. ಚೂರು ಕಿತ್ತುಬಂದರೆ ನಿದ್ದೆಯಲ್ಲಿ ಉಸಿರಿನ ಜೊತೆ ಒಳಗೆ ಹೋದೀತು. ಬೇರೆ ಡಾಕ್ಟರ ಹತ್ತಿರ ಹೋಗಿ ತೆಗೆಸಿಬಿಡು. ಭಾವ ಬೈದರೆ ನನ್ನ ಹೆಸರು ಹೇಳು. ಬೈಸಿಕೊಂಡು ನನಗೆ ಅಭ್ಯಾಸವಿದೆ.

ಸೋಮವಾರ ಬೆಳಿಗ್ಗೆ ಸಾಹೇಬರು ನಿಮ್ಮ ಮನೆಗೆ ಕಾರು ಕಳಿಸುತ್ತಾರಂತೆ. ಹೋಲಿಸಿ ನೋಡಲು ಅವಳ ಎಡಗಡೆಯ ಹಲ್ಲಿಗೆ ಹಳೆಯ ಸಿಮೆಂಟು ತುಂಬಬೇಕಂತೆ. "ಆ ಹಲ್ಲು ಹುಳುಕಾಗಿಲ್ಲವಲ್ಲ ಸಾರ್" ಎಂದೆ. "ಕೊರೆದ್ರಾಯ್ತು" ಎಂದರು.

ಕಾರಿನಲ್ಲಿ ನಾನೂ ಇರುತ್ತೇನೆ. ದಾರಿ ತೋರಿಸಲು ನನ್ನನ್ನೇ ಕರೆದಿದ್ದಾರೆ. ಅಷ್ಟರಲ್ಲಿ ನೀವು ಮನೆಗೆ ಬೀಗ ಹಾಕಿ ಹೊರಟುಬಿಡಿ. ಎಲ್ಲಿಗೆಂದು ನನಗಂತೂ ತಿಳಿಸಬೇಡ. ಗದರಿಸಿ ಕೇಳಿದರೆ ನಾನು ಹೇಳಿಬಿಡುತ್ತೇನೆ.

ನಿದ್ದೆ ಬಾರದ
ನಿನ್ನ ತಮ್ಮ