ರೆಫರಿಯ ತಾಯಿ ಯಾವ ಕಡೆ ಕೂರಬೇಕು?

ಕ್ರೀಡಾಂಗಣದ ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಕ್ರೀಡಾಂಗಣಕ್ಕೆ ಎರಡೇ ಬಾಗಿಲು ಇರುವುದರಿಂದ ನನ್ನ ಮಗನ ಸೀಟಿಯನ್ನು ಕಿತ್ತುಕೊಂಡಿದ್ದಾರೆ. ಈ ಮಾತು ತಲೆಬುಡವಿಲ್ಲದ್ದೆಂದು ತೋರಿದರೆ ತಪ್ಪು ನನ್ನದಲ್ಲ. ಇದೇ ವಿಷಯವನ್ನು ಮರ್ಯಾದೆಯಾಗಿ, ಮುಚ್ಚಿದ ಲಕೋಟೆಯಲ್ಲಿ, ವಿವರವಾಗಿ ಎರಡು ಸಲ ನಿಮಗೆ ಬರೆದಿದ್ದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂತು: “ತಮ್ಮ ಮನವಿಯನ್ನು ಸೂಕ್ತ ವಿಭಾಗಕ್ಕೆ ಕಳುಹಿಸುವ ಸಲುವಾಗಿ, ತಾವು ಆತಿಥೇಯ ತಂಡದ ಅಭಿಮಾನಿಯೋ ಅತಿಥಿ ತಂಡದ ಅಭಿಮಾನಿಯೋ ಎಂಬುದನ್ನು ತಿಳಿಸತಕ್ಕದ್ದು.” ಸ್ವಾಮೀ, ನನ್ನ ದೂರು ಇರುವುದೇ ಆ ಪ್ರಶ್ನೆಯ ಮೇಲೆ. ಅದನ್ನೇ ತಿರುಗಿಸಿ ನನಗೆ ಕಳುಹಿಸಿದ ನಿಮ್ಮ ಕಚೇರಿಯ ಜಾಣತನಕ್ಕೆ ಕೈಮುಗಿದು, ಇನ್ನು ಲಕೋಟೆಯ ಸಹವಾಸ ಸಾಕೆಂದು ಹೀಗೆ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ನಾನೂ ಫುಟ್‌ಬಾಲ್ ಅಭಿಮಾನಿಯೇ. ಒಂಬತ್ತು ವರ್ಷಗಳಿಂದ ಭಾನುವಾರ ಬಂತೆಂದರೆ ಯಾವುದಾದರೊಂದು ಮೈದಾನದ ಅಂಚಿನಲ್ಲಿ ಇರುತ್ತೇನೆ. ಆದರೆ ಚೆಂಡಿನ ಹಿಂದೆ ಓಡುವ ಇಪ್ಪತ್ತೆರಡು ಜನರಲ್ಲಿ ಯಾರು ಗೆದ್ದರೂ ಯಾರು ಸೋತರೂ ನನ್ನ ಊಟ ನಿದ್ದೆಗೆ ಭಂಗವಿಲ್ಲ. ನಾನು ಇಪ್ಪತ್ತಮೂರನೆಯವನ ಅಭಿಮಾನಿ. ಕಪ್ಪು ಅಂಗಿ ತೊಟ್ಟು, ಸೀಟಿ ಕಚ್ಚಿಕೊಂಡು, ಎಲ್ಲರಿಗಿಂತ ಹೆಚ್ಚು ಓಡಿ, ಕೊನೆಗೆ ಒಂದು ಚಪ್ಪಾಳೆಯೂ ಇಲ್ಲದೆ ಹೊರಗೆ ಹೋಗುತ್ತಾನಲ್ಲ, ಅವನ ಅಭಿಮಾನಿ. ವಾರವಿಡೀ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವ ನನ್ನ ಮಗ ಭಾನುವಾರದ ಮಟ್ಟಿಗೆ ರೆಫರಿ. ಇಷ್ಟು ದಿನ ಅವನು ಪಂದ್ಯ ನಡೆಸಿದ್ದು ಶಾಲೆಯ ಬಯಲಿನಲ್ಲಿ, ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ. ಅಲ್ಲಿ ಸುತ್ತಲೂ ಒಂದು ಹಗ್ಗ ಕಟ್ಟಿರುತ್ತಾರೆ. ಹಗ್ಗದಾಚೆ ಎಲ್ಲಿ ಬೇಕಾದರೂ ನಿಲ್ಲಬಹುದು, ನೀನು ಯಾರ ಕಡೆಯವಳು ಎಂದು ಯಾರೂ ಕೇಳುವುದಿಲ್ಲ. ಮೂರು ವಾರದ ಹಿಂದೆ ಮೊಟ್ಟಮೊದಲ ಬಾರಿಗೆ ಅವನಿಗೆ ನಿಮ್ಮಂಥ ದೊಡ್ಡ ಕ್ರೀಡಾಂಗಣದ ಪಂದ್ಯ ಸಿಕ್ಕಿತು.

“ಅಮ್ಮ, ನೀನು ಮಾತ್ರ ಬರಬೇಡ,” ಅಂದ. “ಅಲ್ಲಿ ಹದಿನೈದು ಸಾವಿರ ಜನ ಒಟ್ಟಿಗೆ ಬೈತಾರೆ. ನಿನ್ನ ಕೈಲಿ ಕೇಳೋಕಾಗಲ್ಲ.”

“ಆಯ್ತಪ್ಪ, ಬರಲ್ಲ,” ಅಂದೆ. ಅವನು ಬೆಳಗಿನ ಮೊದಲ ಬಸ್ಸಿಗೆ ಹೋದ. ನಾನು ಎರಡನೆಯದಕ್ಕೆ ಹೋದೆ.

ನಿಮ್ಮ ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳು, ಅವಳ ಮೇಲೆ ನನಗೆ ಕೋಪವಿಲ್ಲ. “ಯಾವ ಟೀಮ್?” ಅಂದಳು. ಯಾವುದೂ ಇಲ್ಲ ಅಂದೆ. “ಮತ್ತೆ ಯಾಕೆ ಬಂದ್ರಿ?” ಅಂದಳು. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ದನಿ ತಗ್ಗಿಸಿ, “ನಾನು ರೆಫರಿ ಕಡೆಯವಳಮ್ಮ,” ಅಂದೆ. “ರೆಫರಿಗೆ ಕಡೆ ಅಂತ ಇರಲ್ಲ ಆಂಟಿ. ಕೆಂಪು ಗೇಟು, ನೀಲಿ ಗೇಟು, ಎರಡೇ ಇರೋದು. ಒಂದನ್ನ ಒತ್ತದೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ.” ಸಾಲಿನಲ್ಲಿ ಹಿಂದಿದ್ದವರು ಆಗಲೇ ನನ್ನ ಬೆನ್ನಿಗೆ ಮೊಣಕೈ ತಾಗಿಸುತ್ತಿದ್ದರು. ಯಾವ ಕಡೆ ಮೆಟ್ಟಿಲು ಕಡಿಮೆ ಎಂದು ಕೇಳಿದೆ. ಕೆಂಪು ಕಡೆ ಅಂದಳು. ಹೀಗೆ ನನ್ನ ಐವತ್ತೆಂಟು ವರ್ಷದ ಎಡ ಮಂಡಿ ನನ್ನನ್ನು ಆತಿಥೇಯ ತಂಡದ ಅಭಿಮಾನಿಯನ್ನಾಗಿ ಮಾಡಿತು. ಬೇರೆ ಯಾವ ನಿಷ್ಠೆಯೂ ಅದರಲ್ಲಿ ಇರಲಿಲ್ಲ.

ಕೂತ ಮೇಲೆ ಕುರ್ಚಿಯ ಮೇಲಿದ್ದ ಕೆಂಪು ಕಾಗದದ ಟೋಪಿಯನ್ನು ಬದಿಗಿಟ್ಟೆ. ನಿಮ್ಮ ಸಿಬ್ಬಂದಿಯೊಬ್ಬರು ಓಡಿಬಂದು, “ಹಾಕ್ಕೊಳ್ಳಿ ಮೇಡಂ, ಮೇಲಿಂದ ಕ್ಯಾಮೆರಾದಲ್ಲಿ ನೋಡಿದ್ರೆ ನಿಮ್ಮದೊಂದು ಸೀಟು ಬೋಳಾಗಿ ಕಾಣತ್ತೆ,” ಅಂದರು. ಹಾಕಿಕೊಂಡೆ. ಬಿಸಿಲಿಗೆ ಆಯಿತು ಅಂದುಕೊಂಡೆ. ಅದೇ ಟೋಪಿ ಈಗ ವಿಚಾರಣಾ ಸಮಿತಿಯ ಮುಂದೆ ಸಾಕ್ಷ್ಯ ಸಂಖ್ಯೆ ಒಂದಾಗಿದೆ.

ಇನ್ನು ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಮೂವತ್ತೊಂದು ವರ್ಷದಿಂದ ನಾನು ಒಂದು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಿದ್ದೇನೆ. ಕತ್ತಲ ಕೋಣೆ, ಗೋಡೆಯ ಮೇಲೆ ದೀಪದ ಹಲಗೆ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳು. ನನ್ನ ಮಗ ಶಾಲೆ ಬಿಟ್ಟು ಬಂದು ಹೋಂವರ್ಕ್ ಬರೆಯುತ್ತಿದ್ದುದು ಆ ಕೋಣೆಯ ಮೂಲೆಯಲ್ಲೇ. ಹಲಗೆಯ ಅಕ್ಷರವೆಲ್ಲ ಅವನಿಗೆ ಬಾಯಿಪಾಠ. ಆದ್ದರಿಂದ ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮುಂಚೆ ಅವನ ಕಣ್ಣು ನೋಡಲು ಬೇರೆ ಆಸ್ಪತ್ರೆಯಿಂದ ಹೊಸ ಹಲಗೆ ಕೇಳಿ ತರುತ್ತೇನೆ. ಕೊನೆಯ ಸಾಲನ್ನು ಅವನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಾನೆ. ಇದನ್ನು ತಾಯಿಯಾಗಿ ಹೇಳುತ್ತಿಲ್ಲ, ಕಸುಬಿನವಳಾಗಿ ಹೇಳುತ್ತಿದ್ದೇನೆ.

ಅಂಥವನ ಬಗ್ಗೆ ನನ್ನ ಮುಂದಿನ ಸಾಲಿನ ಮಹಾಶಯರೊಬ್ಬರು ಮೊದಲ ನಿಮಿಷದಿಂದ “ರೆಫರಿಗೆ ಕಣ್ಣಿಲ್ಲ” ಎಂದು ಅರಚುತ್ತಿದ್ದರು. ಎಂಥ ಗಂಟಲು! ಹೆಸರು ಗೊತ್ತಿಲ್ಲದ ಕಾರಣ ಗಂಟಲಣ್ಣ ಎಂದು ಕರೆಯುತ್ತೇನೆ. ಹಲ್ಲು ಕಚ್ಚಿಕೊಂಡು ಅರ್ಧ ಗಂಟೆ ತಡೆದೆ. ಆಮೇಲೆ ಅವರು ಎದ್ದು ನಿಂತು, “ಲೇ, ನಿನ್ನ ಹೆತ್ತೋಳಾದ್ರೂ ಒಂದು ಕನ್ನಡಕ ಕೊಡಿಸಬಾರದೇನೋ!” ಎಂದು ಕೂಗಿದರು.

ಅವರ ಭುಜ ತಟ್ಟಿದೆ. “ಹೆತ್ತೋಳು ನಾನೇ ಕಣಪ್ಪ. ಅವನಿಗೆ ಕನ್ನಡಕ ಬೇಕಿಲ್ಲ. ಪರೀಕ್ಷೆ ಮಾಡಿದ್ದೂ ನಾನೇ.”

ಸುತ್ತಲಿನ ನಾಲ್ಕು ಸಾಲು ನನ್ನ ಕಡೆ ತಿರುಗಿತು. ನಾನು ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಕಸುಬಿನ ಚಾಳಿ ಬಿಡಬೇಕಲ್ಲ? “ನಿಮ್ಮ ಕಣ್ಣನ್ನ ಯಾವಾಗ ತೋರಿಸಿದ್ರಿ? ಆಗಿನಿಂದ ಕಣ್ಣು ಕಿರಿದು ಮಾಡ್ಕೊಂಡೇ ನೋಡ್ತಿದೀರ. ಆ ಬೋರ್ಡ್ ಮೇಲೆ ಎಷ್ಟನೇ ನಿಮಿಷ ಅಂತಿದೆ, ಓದಿ ನೋಡೋಣ.”

“ಮೂವತ್ತೊಂಬತ್ತು,” ಅಂದರು ಗಂಟಲಣ್ಣ, ಸ್ವಲ್ಪ ಯೋಚಿಸಿ.

“ಮೂವತ್ತಾರು.”

“ಎರಡು ವರ್ಷದಿಂದ ಬಡ್ಕೋತಾ ಇದೀನಿ ಅಕ್ಕಾ,” ಎಂದರು ಪಕ್ಕದಲ್ಲಿದ್ದ ಅವರ ಹೆಂಡತಿ. “ನನ್ನ ಮಾತು ಯಾರು ಕೇಳ್ತಾರೆ ಹೇಳಿ.”

ಆಮೇಲೆ ಗಂಟಲಣ್ಣನ ಬೈಗುಳಕ್ಕೆ ಬಹುವಚನ ಬಂತು. “ರೆಫರಿ ಸಾಹೇಬ್ರೇ, ಸ್ವಲ್ಪ ಈ ಕಡೆನೂ ನೋಡ್ರಪ್ಪಾ!” ಎಂದು ಕೂಗುವುದು, ತಿರುಗಿ ನನಗೆ “ತಪ್ಪು ತಿಳ್ಕೋಬೇಡಿ ಅಮ್ಮ” ಎನ್ನುವುದು. ವಿರಾಮದಲ್ಲಿ ಚಹಾ ತಂದುಕೊಟ್ಟರು. ಆ ಹದಿನೈದು ನಿಮಿಷದಲ್ಲಿ ನಾನು ಹನ್ನೊಂದು ಜನರ ಕಣ್ಣು ನೋಡಿದೆ. ಇಬ್ಬರಿಗೆ ಪೊರೆ ಬಂದಿದೆ, ಒಬ್ಬರಿಗೆ ತುರ್ತಾಗಿ ವೈದ್ಯರನ್ನು ಕಾಣಲು ಹೇಳಿದೆ. ರೆಫರಿ ಕುರುಡನೆಂದು ಕೂಗುವ ಜನರ ನಡುವೆ ಇಷ್ಟೊಂದು ಕೆಲಸ ಸಿಗುತ್ತದೆಂದು ನನಗೂ ಗೊತ್ತಿರಲಿಲ್ಲ. ಅದೇ ಸಂಭ್ರಮದಲ್ಲಿ ಯಾರೋ ನನ್ನ ಫೋಟೋ ತೆಗೆಯಲು ಶುರುಮಾಡಿದ್ದನ್ನು ನಾನು ಗಮನಿಸಲಿಲ್ಲ. ನೋಡಿ, ಕಣ್ಣು ಪರೀಕ್ಷೆ ಮಾಡುವವಳ ಕಥೆ!

ಎಂಬತ್ತೆಂಟನೇ ನಿಮಿಷ. ಇನ್ನೂ ಯಾರೂ ಗೋಲು ಹೊಡೆದಿರಲಿಲ್ಲ. ಕೆಂಪು ತಂಡದವನೊಬ್ಬ ಒದ್ದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು, ನೇರ ಕೆಳಗೆ ಬಿದ್ದು, ಪುಟಿದು ಹೊರಗೆ ಬಂತು. ನಿಮ್ಮ ದಯದಿಂದ ನನ್ನ ಕುರ್ಚಿ ಇದ್ದದ್ದು ಗೋಲಿನ ಗೆರೆಗೆ ಸರಿಯಾಗಿ ನೇರದಲ್ಲಿ. ಚೆಂಡು ಪೂರ್ತಿ ಗೆರೆ ದಾಟಿದರೆ ಮಾತ್ರ ಗೋಲು. ದಾಟಿರಲಿಲ್ಲ. ನಾಲ್ಕು ಬೆರಳಿನಷ್ಟು ಚೆಂಡು ಗೆರೆಯ ಮೇಲೇ ಇತ್ತು. ನನ್ನ ಮಗನ ಕಣ್ಣು ಎಷ್ಟು ಚೆನ್ನಾಗಿದ್ದರೇನು, ಅವನ ಎದುರಿಗೆ ಐದು ಜನ ಬೆನ್ನು ಕೊಟ್ಟು ನಿಂತಿದ್ದರು. ಜನರ ಮೂಲಕ ನೋಡುವುದನ್ನು ನಾನು ಯಾವ ಹಲಗೆಯಿಂದಲೂ ಕಲಿಸಿಲ್ಲ. ಅವನು ಗೆರೆ ಕಾಯುವ ಸಹಾಯಕನ ಕಡೆ ನೋಡಿದ. ಸಹಾಯಕ ಹೌದೆಂದು ತಲೆಯಾಡಿಸಿದ. ಮಗ ಸೀಟಿ ಊದಿ ಗೋಲು ಕೊಟ್ಟೇಬಿಟ್ಟ.

ಕೆಂಪು ಕಡೆ ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ. ಎರಡೂ ಕೈ ಮೇಲೆತ್ತಿ, ಮಂಡಿನೋವು ಮರೆತು, ಬಾಯಿ ಹರಿದುಹೋಗುವ ಹಾಗೆ ಕೂಗಿದೆ: “ಅಲ್ಲ ಕಣೋ! ಗೋಲ್ ಅಲ್ಲ! ದಾಟಿಲ್ಲ ಕಣೋ!”

ಗಂಟಲಣ್ಣ ಗಾಬರಿಯಾಗಿ ನನ್ನ ತೋಳು ಹಿಡಿದರು. “ಅಮ್ಮಾ, ಕೊಟ್ಟಿದ್ದು ನಿಮ್ಮ ಮಗನೇ! ಸುಮ್ನಿರಿ!”

“ಯಾರ ಮಗ ಆದ್ರೇನು? ಗೋಲ್ ಅಲ್ಲ ಅಂದ್ರೆ ಅಲ್ಲ!”

ಫೋಟೋ ತೆಗೆದದ್ದು ಆ ಕ್ಷಣದಲ್ಲಿ. ಮಾರನೆಯ ದಿನ ಅದು ಊರೆಲ್ಲ ಸುತ್ತಿತು. ಕೆಂಪು ಟೋಪಿ, ಮೇಲೆತ್ತಿದ ಕೈ, ತೆರೆದ ಬಾಯಿ. ಕೆಳಗೆ “ಮಗ ಕೊಟ್ಟ ಗೋಲಿಗೆ ತಾಯಿಯ ಕುಣಿತ” ಎಂಬ ಬರಹ. ಸೋತ ನೀಲಿ ತಂಡದವರು ದೂರು ಕೊಟ್ಟರು. ಅವರನ್ನು ಬೈಯಲಾರೆ. ಆ ಫೋಟೋ ನೋಡಿದರೆ ನನಗೇ ನನ್ನ ಮೇಲೆ ಅನುಮಾನ ಬರುತ್ತದೆ. ವಿಚಾರಣೆ ಮುಗಿಯುವವರೆಗೆ ಮಗ ಪಂದ್ಯ ನಡೆಸುವಂತಿಲ್ಲ. ಪಕ್ಷಪಾತ ಸಾಬೀತಾದರೆ ಇನ್ನೆಂದೂ ನಡೆಸುವಂತಿಲ್ಲ. ಗಂಟಲಣ್ಣ ಪಾಪ, ಹೊಸ ಕನ್ನಡಕ ಹಾಕಿಕೊಂಡು ಹೋಗಿ ಸಾಕ್ಷಿ ಹೇಳುತ್ತೇನೆಂದರು. ಆತಿಥೇಯ ತಂಡದವರ ಸಾಕ್ಷಿ ನಡೆಯುವುದಿಲ್ಲವಂತೆ. ಅಲ್ಲೂ ಎರಡೇ ಕಡೆ ನೋಡಿ!

ಫೋಟೋ ಹೊರಬರುವ ಮುಂಚೆಯೇ, ಅಂದು ಸಂಜೆ ಮಗ ಮನೆಗೆ ಬಂದವನು ಬೂಟು ಬಿಚ್ಚುತ್ತ ಕೇಳಿದ್ದ: “ನೀನು ಬಂದಿದ್ದೆ ಅಂತ ಗೊತ್ತು. ನಿಜ ಹೇಳು, ದಾಟಿತ್ತಾ?” ಸುಳ್ಳು ಹೇಳಲು ನಾಲಿಗೆಯ ತುದಿಯವರೆಗೂ ಬಂತು. “ನಾಲ್ಕು ಬೆರಳು ಉಳಿದಿತ್ತು,” ಅಂದೆ. ಅವನು ಬಿಚ್ಚಿದ ಬೂಟನ್ನು ಮೂಲೆಗಿಟ್ಟ. ತನಗೆ ಸ್ಪಷ್ಟವಾಗಿ ಕಾಣಲಿಲ್ಲವೆಂದು ವರದಿಯಲ್ಲಿ ಬರೆದುಕೊಟ್ಟೇ ಬಂದಿದ್ದನಂತೆ. ಆ ಸಾಲನ್ನು ಓದುವ ತಾಳ್ಮೆ ಈಗ ಯಾರಿಗೂ ಇಲ್ಲ, ಎಲ್ಲರಿಗೂ ನನ್ನ ಬಾಯಿಯ ಅಗಲ ನೋಡುವುದರಲ್ಲೇ ಆಸಕ್ತಿ.

ಮಾನ್ಯರೇ, ನಿಮ್ಮ ಪ್ರತಿ ಕಂಬದ ಮೇಲೂ ಒಂದು ಫಲಕವಿದೆ: “ಇಲ್ಲಿ ದೃಶ್ಯ ಮತ್ತು ಧ್ವನಿಯನ್ನು ಮುದ್ರಿಸಲಾಗುತ್ತದೆ. ಸಭ್ಯ ಭಾಷೆ ಬಳಸಿ.” ನಾನು ಬಳಸಿದ್ದೇನೆ. ಫೋಟೋದಲ್ಲಿ ಬಾಯಿ ಮಾತ್ರ ಕಾಣುತ್ತದೆ, ನಿಮ್ಮ ಮುದ್ರಣದಲ್ಲಿ ಮಾತೂ ಇದೆ. ಅದನ್ನು ಮೂವತ್ತು ದಿನ ಇಟ್ಟು ಅಳಿಸುತ್ತೀರೆಂದು ಕೇಳಿದೆ. ಇಪ್ಪತ್ತೆರಡು ದಿನ ಆಗಲೇ ಕಳೆದಿವೆ. ಗುರುವಾರ ವಿಚಾರಣೆ. ನಾನು ಯಾವ ಕಡೆಯವಳೆಂದು ಗೊತ್ತಾಗದೆ ನಿಮ್ಮ ಕಚೇರಿ ನನ್ನ ಅರ್ಜಿಯನ್ನು ಯಾವ ಮೇಜಿನ ಮೇಲೂ ಇಡಲಾರದೆ ಕೂತಿದೆ.

ಆ ಧ್ವನಿ ಕೇಳಿದರೆ ಮಗ ಮೋಸ ಮಾಡಿಲ್ಲವೆಂದು ತಿಳಿಯುತ್ತದೆ. ತಪ್ಪು ಮಾಡಿದ್ದಾನೆಂದೂ ತಿಳಿಯುತ್ತದೆ, ಅದೂ ಹೆತ್ತವಳ ಬಾಯಿಂದಲೇ. ಇದನ್ನು ಕೊಡಿಸಲೋ ಬೇಡವೋ ಎಂದು ಅವನನ್ನೇ ಕೇಳಿದೆ. “ಕೇಳಿಸು ಅಮ್ಮ,” ಅಂದ. “ತಪ್ಪು ಮಾಡ್ದೆ ಅಂತ ಬರೀಲಿ, ಮಾಡಿದೀನಿ. ಮೋಸ ಮಾಡ್ದೆ ಅನ್ನಿಸ್ಕೊಂಡು ಮಾತ್ರ ನನ್ನ ಕೈಲಿ ಇರೋಕಾಗಲ್ಲ.”

ಸೀಟಿ ಹೋದ ಮೇಲಿನ ಭಾನುವಾರ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅವನು ಮನೆಯಲ್ಲೇ ಇದ್ದ. ನಮ್ಮ ಬೀದಿಯ ಮಕ್ಕಳು ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಜಗಳವಾಡುತ್ತ ಯಾವಾಗಿನಂತೆ ಇವನನ್ನು ಕರೆದವು. ಎದ್ದು ಬಾಗಿಲವರೆಗೆ ಹೋದ. “ನಾನು ಹೇಳಿದ್ರೆ ಈಗ ನಡೆಯಲ್ಲ ಕಣ್ರೋ,” ಎಂದು ಹೇಳಿ ಒಳಗೆ ಬಂದು ಕೂತ. ಅಷ್ಟರವರೆಗೆ ಈ ಇಡೀ ಪ್ರಸಂಗವನ್ನು ನೆನೆದು ನಾನು ನಗುತ್ತಲೇ ಇದ್ದೆ.

ಆದ್ದರಿಂದ ನನ್ನ ಬೇಡಿಕೆ ಇದು. ಮುಂದಿನ ವರ್ಷವಾದರೂ ರೆಫರಿಯ ಮನೆಯವರಿಗೆಂದು ನಾಲ್ಕು ಕುರ್ಚಿ ಬೇರೆ ಹಾಕಿಸಿ, ಮೆಟ್ಟಿಲು ಜಾಸ್ತಿ ಇದ್ದರೂ ಪರವಾಗಿಲ್ಲ. ಅದಕ್ಕೆ ಕಾಯುತ್ತೇನೆ. ಕಾಯಲಾಗದ್ದು ಒಂದಿದೆ: ಎಂಬತ್ತೆಂಟನೇ ನಿಮಿಷದ ಆ ಧ್ವನಿಯನ್ನು ಗುರುವಾರಕ್ಕೆ ಮುಂಚೆ ಸಮಿತಿಗೆ ಕಳುಹಿಸಿ. ನನ್ನ ಮಗ ತಪ್ಪು ಮಾಡಿದ ಎಂದು ಅಷ್ಟು ಜನರ ನಡುವೆ ಕೂಗಿ ಹೇಳಿದ್ದೇನೆ. ದಯವಿಟ್ಟು ಅದನ್ನು ಅವರಿಗೆ ಕೇಳಿಸಿ, ಅವನನ್ನು ನನಗೆ ಮೈದಾನಕ್ಕೆ ವಾಪಸು ಕೊಡಿ.

ಇಂತಿ,
ಗುರುವಾರ ಮಗನ ವಿರುದ್ಧ ಸಾಕ್ಷಿ ಹೇಳಿ
ಮಗನನ್ನು ಗೆಲ್ಲಿಸಬೇಕಾಗಿರುವ
ರೆಫರಿಯ ತಾಯಿ