ಯಾವುದರಲ್ಲಿ ಕುಡಿಸ್ತೀಯಾ, ಅಜ್ಜಿ?

ತಿಪಟೂರು, ಆಸ್ಪತ್ರೆಯ ಜಗಲಿ
೧೩-೮-೧೯೮೩, ಶನಿವಾರ

ಚಿ॥ ಕು॥ ಗುರುಶಾಂತಳಿಗೆ ನಿನ್ನ ಅಪ್ಪ ಸದಾಶಿವಯ್ಯ ಮಾಡುವ ಆಶೀರ್ವಾದಗಳು.

ಮಗಳೇ, ನಿನ್ನೆಯೇ ಬರೆಯಬೇಕಿತ್ತು, ತಪ್ಪು ತಿಳಿಯಬೇಡ. ಗದೆ ಹಿಡಿದು ರಂಗವನ್ನೇ ನಡುಗಿಸುತ್ತಿದ್ದ ಈ ಅಪ್ಪನಿಗೆ ನಿನ್ನೆ ಪೆನ್ನು ಎತ್ತಲಾಗಲಿಲ್ಲ. ನೀನು ಹುಳಿಯಾರು ಬಿಟ್ಟು ತುರುವೇಕೆರೆಯ ಸೋದರತ್ತೆಯ ಮನೆ ಸೇರಿದೆ ಎಂದು ಕಂಡಕ್ಟರ್ ದೊಡ್ಡಣ್ಣ ಹೇಳಿದ. ಈ ಕಾಗದವನ್ನೂ ಅವನ ಕೈಲೇ ಕಳಿಸುತ್ತಿದ್ದೇನೆ.

ಇದ್ದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಇನ್ನೂ ಕಣ್ಣು ಬಿಟ್ಟಿಲ್ಲ.

ಗುರುವಾರದ ಸಂತೆಯಲ್ಲಿ ಕೆಂಕೆರೆಯ ಭೂತಮ್ಮನಿಗೆ ಕೆಮ್ಮಿನ ಸಿರಪ್ ಕೊಟ್ಟೆಯಲ್ಲ, ಆಕೆಯ ಮೊಮ್ಮಗ. ಹೊಟ್ಟೆ ತೊಳೆದಿದ್ದಾರೆ, ಗ್ಲೂಕೋಸ್ ಏರಿಸಿದ್ದಾರೆ. "ಔಷಧಿ ಮಂಪರು ಇಳೀಬೇಕು, ಕಾಯೋಣ" ಎನ್ನುತ್ತಾರೆ ಡಾಕ್ಟರು. ಹಾಗೆನ್ನುವಾಗ ಯಾರ ಮುಖವನ್ನೂ ನೋಡುವುದಿಲ್ಲ.

ಬೆಳಿಗ್ಗೆ ನಿನ್ನ ಮೆಡಿಕಲ್ ಸ್ಟೋರಿನ ಮಾಲೀಕ ಶ್ರೀರಂಗಯ್ಯನವರು ಬಂದರು. ಮಗುವಿನ ಅಪ್ಪ ಲಕ್ಕಯ್ಯ ಎದ್ದವನೇ ಅವರ ಕೊರಳಪಟ್ಟಿ ಹಿಡಿದ.

"ಎಲ್ರೀ ಆ ಓದಿರೋ ಹುಡ್ಗಿ? ಎಲ್ಲಿ ಬಚ್ಚಿಟ್ಟಿದ್ದೀರಿ?"

"ಬುಡೋ ಲಕ್ಕಯ್ಯ! ಒಂದು ಚಮಚ ಅಂತ್ಲೇ ಹೇಳವ್ಳೆ, ನಾನೇ ಕೇಳುಸ್ಕಂಡಿದೀನಿ. ಎಷ್ಟು ಕುಡಿಸ್ದೆ ಅಂತ ನಿಮ್ಮವ್ವನ್ನ ಕೇಳು!" ಎಂದರು ಶ್ರೀರಂಗಯ್ಯನವರು.

ಭೂತಮ್ಮ ಮಡಿಲಿನಿಂದ ಕಂಚಿನ ಒಳಲೆ ತೆಗೆದಳು. ಹಸುಗೂಸಿಗೆ ಹಾಲು ಹನಿಸುವ ಮೂತಿಯ ಬಟ್ಟಲು. ನೀನು ಹೇಳಿದ ಚಮಚದ ಮೂರು ನಾಲ್ಕು ಪಟ್ಟು ಅದರಲ್ಲಿ ಹಿಡಿಯುತ್ತದೆ.

"ಒಂದೊಂದ್ಸಲಕ್ಕೂ ಇದ್ರ ತುಂಬ ಕಣಪ್ಪ. ನಮ್ಮನೇಲಿ ಚಮ್ಚ ಎಲ್ಲೈತೆ? ನಿನ್ಗೂ ಇದ್ರಲ್ಲೇ ಅಲ್ವಾ ಔಷ್ದಿ ಹಾಕಿದ್ದು!"

"ಕೊಂದ್ಬುಟ್ಟೆ ಕಣವ್ವ!" ಎಂದು ಲಕ್ಕಯ್ಯ ಕಂಬಕ್ಕೆ ತಲೆ ಚಚ್ಚಿಕೊಂಡ. ಎಷ್ಟು ನಾಟಕಗಳಲ್ಲಿ ಕೂಗಾಡಿದ್ದೇನೆ, ಗುರುಶಾಂತಾ! ಅಂಥ ಕೂಗು ನನ್ನ ಗಂಟಲಿನಿಂದ ಎಂದೂ ಹೊರಟಿಲ್ಲ.

ಆಮೇಲೆ ಶ್ರೀರಂಗಯ್ಯನವರು ನನ್ನನ್ನು ಮರೆಗೆ ಕರೆದರು. "ಮಂಗಳವಾರ ಔಷಧಿ ಇನ್ಸ್‌ಪೆಕ್ಟರು ಬತ್ತಾರೆ ಕಣ್ರೀ. ನಾನು ಚಮಚ ಅಂದೆ, ಮುದುಕಿ ಕೇಳಿಸ್ಕಳ್ಳಲಿಲ್ಲ ಅಂತ ನಿಮ್ಮ ಮಗ್ಳು ಅಂದ್ಬುಟ್ರೆ ಮುಗೀತು. ಕೆಲ್ಸನೂ ಉಳೀತದೆ."

ನೀನು ಚಮಚ ಎಂದದ್ದು ದಿಟ. ಆದರೆ ನಮ್ಮ ನಾಟಕದ ಮೇಷ್ಟ್ರು, ನೋಡುವವರ ಸಾಲಿನ ಕಡೆಯ ಚಾಪೆಯಲ್ಲಿ ಕೂತವಳಿಗೆ ಮುಟ್ಟದ ಮಾತನ್ನು ಆಡಿದ ಮಾತೆಂದೇ ಒಪ್ಪುತ್ತಿರಲಿಲ್ಲ. ನಿನಗೆ ಫಾರ್ಮಸಿ ಪದವಿ ಕೊಟ್ಟ ದಿನ ಪ್ರಿನ್ಸಿಪಾಲರು ಏನೆಂದರು? ಔಷಧದ ಗುಣ ಬಲ್ಲವರಾದರಷ್ಟೇ ಸಾಲದು, ಕುಡಿಸುವವರು ಯಾರು, ಹೇಗೆ ಕುಡಿಸುತ್ತಾರೆ ಎಂದು ವಿಚಾರಿಸುವ ತಾಳ್ಮೆ ಬೇಕು, ತಪ್ಪಾದರೆ ಎದುರು ನಿಲ್ಲುವ ಎದೆ ಬೇಕು ಎಂದರು. ಸಭೆಯೆಲ್ಲ ತಿರುಗಿ ನೋಡುವಂತೆ ನಾನು ಚಪ್ಪಾಳೆ ತಟ್ಟಿದ್ದೆ. ನೀನು ನಾಚಿ ತಲೆ ತಗ್ಗಿಸಿದ್ದೆ.

"ಯಾವುದರಲ್ಲಿ ಕುಡಿಸ್ತೀಯಾ, ಅಜ್ಜಿ?" ಎಂದು ಕೇಳಿದ್ದೆಯಾ? ಸಂತೆಯ ನೂಕುನುಗ್ಗಲು, ಬಲ್ಲೆ. ಕೇಳಿದ್ದರೆ ಬಂದು ಶ್ರೀರಂಗಯ್ಯನವರು ಹೇಳಿಕೊಟ್ಟದ್ದನ್ನೇ ಹೇಳು. ಕೇಳಿರದಿದ್ದರೆ ಕೇಳಲಿಲ್ಲವೆಂದು ಹೇಳು. ಕೆಲಸ ಹೋದರೆ ಹೋಗಲಿ, ಪಕ್ಕದಲ್ಲಿ ನಾನಿರುತ್ತೇನೆ.

ಊಟ ಬಿಡಬೇಡ. ದೇವರು ನಿನಗೆ ಧೈರ್ಯ ಕೊಡಲಿ.

ಇಂತು ನಿನ್ನ ಅಪ್ಪ,
ಸದಾಶಿವಯ್ಯ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು. ಮಗು ಕಣ್ಣು ಬಿಟ್ಟಿದೆ! ಬದುಕಿತು, ಗುರುಶಾಂತಾ! ತಾಯಿಯ ತೋಳಿನಿಂದ ಬಾಗಿಲ ಕಡೆ ವಾಲಿ ಅಜ್ಜಿಯನ್ನು ಕರೆಯುತ್ತಿದೆ. ಭೂತಮ್ಮ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಾಳೆ. "ಎತ್ಕಳವ್ವ" ಎಂದು ಲಕ್ಕಯ್ಯ ಕಾಲು ಹಿಡಿದರೂ ಮಿಸುಕಲಿಲ್ಲ. ನಿನ್ನದೇನೂ ತಪ್ಪಿಲ್ಲ ತಾಯಿ ಎಂದು ನಾನೂ ಹೇಳಿ ನೋಡಿದೆ. "ನೀನ್ಯಾರಪ್ಪ ಹೇಳಾಕೆ? ಶೀಸೆ ಕೊಟ್ಟೋಳು ಹೇಳ್ಲಿ. ಇಸ ಹಾಕಿದ ಕೈ ಇವು, ಮುಟ್ಟಾಕಿಲ್ಲ" ಎಂದಳು.

ಮಂಗಳವಾರದವರೆಗೆ ಕಾಯಬೇಡ. ದೊಡ್ಡಣ್ಣನ ಬಸ್ಸು ಇಲ್ಲಿಗೆ ತಿರುಗಿ ಬರುವಾಗ ಅದರಲ್ಲೇ ಬಾ. ಮಗು ಇನ್ನೂ ಕರೆಯುತ್ತಲೇ ಇದೆ.