ಮೊದಲನೇ ಸಹಿ ನನ್ನದೇ

ಮಾರ್ಚ್ 3, ಬೆಳಿಗ್ಗೆ ಐದೂಮುಕ್ಕಾಲು

ಮೂರನೇ ಲೈನಿಗೆ ನೀರು ಬಿಟ್ಟು ಬಂದೆ. ಹೊಸಬರು ವಾಲ್ವಿನ ಸುತ್ತು ಎಣಿಸುತ್ತಾರೆ. ನಾನು ಪೈಪಿಗೆ ಕಿವಿ ಕೊಟ್ಟರೆ ಸಾಕು, ನೀರು ಯಾವ ತಿರುವಿನಲ್ಲಿದೆ ಎಂದು ಹೇಳಬಲ್ಲೆ. ಇನ್ನೊಬ್ಬನಿದ್ದರೆ ತೋರಿಸಲಿ, ಮೀಸೆ ಬೋಳಿಸುತ್ತೇನೆ.

ಪಂಪ್‌ಹೌಸ್ ಗೇಟಿನಲ್ಲಿ ಮೀಟರ್ ರೀಡರ್ ನಿಂತಿದ್ದ. ಉದ್ದ ಕತ್ತು, ಕಡಿಮೆ ಮಾತು—ನಾನಿಟ್ಟ ಹೆಸರು ಕೊಕ್ಕರೆ. ನಮ್ಮೂರ ಶಾಲೆಯವನೇ, ನನ್ನ ತಂಗಿಯ ಕ್ಲಾಸು. ಇಷ್ಟು ಬೆಳಿಗ್ಗೆ ಯಾವ ಮೀಟರು ಓದಲು ಬಂದ?

"ಅಣ್ಣ, ದೇಶದ ಕಾರ್ಡು ಬರ್ತಿದ್ಯಂತೆ. ಕಣ್ಣು, ಬೆರಳು, ಹುಟ್ಟಿದ ತಾರೀಖು, ಎಲ್ಲಾ ತಗೋತಾರಂತೆ. ಆಮೇಲೆ ಸರ್ವೀಸ್ ರಿಜಿಸ್ಟರ್ ಜೊತೆ ತಾಳೆ ನೋಡ್ತಾರಂತೆ."

"ನೋಡ್ಲಿ ಬಿಡೋ. ನನಗೇನು?"

ಹುಟ್ಟಿದ ತಾರೀಖು ಎನ್ನುವಾಗ ನನ್ನ ಮುಖ ನೋಡಿದ. ಯಾಕೆ ನೋಡಿದ?

ಮಾರ್ಚ್ 4

ಇಲ್ಲಿ ಮಾತ್ರ ಬರೆಯುತ್ತೇನೆ. ಶಾಲೆಗೆ ಸೇರಿಸಿದಾಗ ನನಗೆ ಎಂಟು. ಇಷ್ಟು ದೊಡ್ಡ ಕೋಣ ಒಂದನೇ ಕ್ಲಾಸಿನಲ್ಲೇ ಎಂದು ಇನ್‌ಸ್ಪೆಕ್ಟರು ಬೈದಾರು ಎಂದು ಮೇಷ್ಟ್ರು ಐದು ಅಂತ ಬರೆದರು. ಮೂರು ವರ್ಷ ಪುಕ್ಕಟೆ! ನೌಕರಿಗೂ ಅದೇ ಹೋಯಿತು. ರಿಜಿಸ್ಟರಿನಲ್ಲಿ ಐವತ್ತೆಂಟು. ನಿಜಕ್ಕೆ ಅರವತ್ತೊಂದು—ಹೋದ ವರ್ಷವೇ ರಿಟೈರ್ ಆಗಬೇಕಿತ್ತು. ತಂಗಿ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಕಾಗದದಲ್ಲಿ ಒಂದು ವರ್ಷಕ್ಕೆ ದೊಡ್ಡವಳು. ಬದುಕಿದ್ದಾಗ "ಅಕ್ಕ ಅನ್ನೋ ನನ್ನ" ಎಂದು ಕಾಡುತ್ತಿದ್ದಳು.

ರಿಟೈರ್ ಆದರೆ ಈ ಕ್ವಾರ್ಟರ್ಸ್ ಬಿಡಬೇಕು. ಬೇರೆ ಸೂರಿಲ್ಲ. ಎರಡು ರೂಮು, ನನ್ನಾಕೆ, ತಂಗಿ ಬಿಟ್ಟುಹೋದ ಮಗಳು. ಹುಡುಗಿಯ ನರ್ಸಿಂಗ್ ಮುಗಿಯಲು ಇನ್ನೂ ಒಂದೂವರೆ ವರ್ಷ.

ಕೊಕ್ಕರೆಗೆ ಗೊತ್ತಿದೆ. ಗೊತ್ತಿರಲೇಬೇಕು.

ಮಾರ್ಚ್ 9, ಸಂಜೆ

ಗೆದ್ದೆವು! ಕೇಂದ್ರದ ಕಾರ್ಡು ನಮ್ಮ ರಾಜ್ಯಕ್ಕೆ ಬೇಡ ಎಂದು ವಿಧಾನಸಭೆಯೇ ನಿರ್ಣಯ ಮಾಡಿದೆ. ಕೌಂಟರ್ ತೆರೆಯಲು ಜಾಗ ಕೊಡುವುದಿಲ್ಲ, ನೌಕರರ ದಾಖಲೆ ಕಳಿಸುವುದಿಲ್ಲ. ಟೀ ಹೊತ್ತಿಗೆ ಭಾಷಣ ಬಿಗಿದೆ. "ನನ್ನ ಹೆಬ್ಬೆಟ್ಟು ನನ್ನಪ್ಪ ಕೊಟ್ಟಿದ್ದು, ಸರ್ಕಾರ ಕೊಟ್ಟಿದ್ದಲ್ಲ!" ಎಲ್ಲರೂ ಚಪ್ಪಾಳೆ. ಕೊಕ್ಕರೆ ಒಬ್ಬ ಕೈ ಕಟ್ಟಿ ನಿಂತಿದ್ದ. ಪುಸ್ತಕದಲ್ಲಿ ಏನೋ ಗೀಚಿಕೊಂಡ. ರೀಡಿಂಗಂತೆ. ಯಾರ ರೀಡಿಂಗು?

ಮಾರ್ಚ್ 16

ಸೆಕ್ಷನ್ ಸಾಹೇಬರು ಎಲ್ಲರನ್ನೂ ಕರೆದರು. ನೌಕರರೆಲ್ಲ ಆಕ್ಷೇಪಣೆ ಫಾರಂಗೆ ಸಹಿ ಹಾಕಬೇಕು. ಹೆಸರು, ಹುಟ್ಟಿದ ತಾರೀಖು, ಫೋಟೋ, ಹೆಬ್ಬೆಟ್ಟು... ಕಾರ್ಡು ಬೇಡ ಎನ್ನುವುದಕ್ಕೂ ಕಾರ್ಡಿನಷ್ಟೇ ಕಾಲಮ್ಮು!

"ವಯಸ್ಸಲ್ಲಿ ಹಿರಿಯರು ಯಾರೋ ಅವರ ಸಹಿ ಮೊದಲು. ಪೇಪರ್‌ನೋರು ಬಂದಿದ್ದಾರೆ."

ಕೊಕ್ಕರೆ ಥಟ್ಟನೆ ಕೈ ಎತ್ತಿದ. "ನಾನೇ ಸಾರ್. ಐವತ್ತೊಂಬತ್ತು."

ಎಂದೂ ಬಾಯಿ ಬಿಡದವನು! ಚಪ್ಪಾಳೆ ನನಗೆ, ಫೋಟೋ ಅವನಿಗೋ? ನಾಲಿಗೆ ತುರಿಸಿತು.

"ಲೋ, ನೀನು ತೊಟ್ಟಿಲಲ್ಲಿ ಅಳೋವಾಗ ನಾನು ಊರೆಲ್ಲ ಓಡಾಡ್ತಿದ್ದೆ ಕಣೋ! ಅರವತ್ತೊಂದು ನನಗೆ!"

"ಅಣ್ಣ, ಸುಮ್ನಿರು," ಎಂದು ಮೊಣಕೈ ಚಿವುಟಿದ. ಹೊಟ್ಟೆಕಿಚ್ಚು. ನೂಕಿ ಮುಂದೆ ಹೋದೆ. ನಿಜವಾದ ತಾರೀಖನ್ನೇ ಬರೆದೆ, ಗುಂಡಗೆ. ನಮ್ಮವರದೇ ಫಾರಂ, ಭಯವೇನು? ಮೀಸೆ ತಿರುವಿ ಫೋಟೋ.

ಮಾರ್ಚ್ 17

ಹುಡುಗಿ ಪೇಪರ್ ಹಿಡಿದು ಬಂದಳು. "ಮಾವ, ಫೋಟೋದಲ್ಲಿ ಹೀರೋ ಥರ ಇದ್ದೀಯ. ಆದ್ರೆ ಕೆಳಗೆ ಅರವತ್ತೊಂದರ ನೌಕರ ಅಂತ ಹಾಕಿದ್ದಾರೆ. ರಿಟೈರ್‌ಮೆಂಟು ಅರವತ್ತಕ್ಕಲ್ವಾ?"

ನನ್ನಾಕೆ ಒಳಗಿನಿಂದ: "ಊರಿಗೆಲ್ಲ ವಾಲ್ವ್ ತಿರುಗಿಸ್ತಾರೆ. ತಮ್ಮ ಬಾಯಿಗೊಂದು ಇಟ್ಕೊಂಡಿಲ್ಲ."

ಪೇಪರ್ ಮಡಚಿ ದಿಂಬಿನ ಕೆಳಗಿಟ್ಟೆ.

ಏಪ್ರಿಲ್ 2

ಸಾಹೇಬರ ರೂಮು. ಮೇಜಿನ ಮೇಲೆ ರಿಜಿಸ್ಟರು, ಪಕ್ಕದಲ್ಲಿ ಫಾರಂ.

"ಏನ್ರೀ, ಎರಡು ಸಲ ಹುಟ್ಟಿದ್ದೀರಾ? ಮೇಲಿಂದ ಮೆಮೊ ಬಂದಿದೆ. ಹದಿನೈದು ದಿನದಲ್ಲಿ ದಾಖಲೆ ತನ್ನಿ. ಇಲ್ಲಾಂದ್ರೆ ಕ್ವಾರ್ಟರ್ಸ್ ಖಾಲಿ ಮಾಡಿ."

ಶಾಲೆ ಮುಚ್ಚಿ ಇಪ್ಪತ್ತು ವರ್ಷವಾಯಿತು, ಎಲ್ಲಿಂದ ತರಲಿ ಎಂದೆ. ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು.

"ಪಕ್ಕದ ರಾಜ್ಯದಲ್ಲಿ ಕೌಂಟರ್ ಇದೆ. ದೇಶದ ಕಾರ್ಡಿನ ತಾರೀಖನ್ನ ಯಾರೂ ಪ್ರಶ್ನೆ ಮಾಡಲ್ಲ. ನಾನು ಹೇಳಿದೆ ಅನ್ನಬೇಡಿ."

ಕಾರ್ಡು ಬೇಡ ಎಂದು ಸಹಿ ಹಾಕಿಸಿದ ಬಾಯಿಂದ ಈ ಮಾತೇ? ಉಪಕಾರವೋ, ಬಲೆಯೋ?

ಹೊರಗೆ ಕೊಕ್ಕರೆ. ಕಾಲರ್ ಹಿಡಿದೆ. "ನೀನೇ ಅಲ್ವೇನೋ ಚಾಡಿ ಹೇಳಿದ್ದು?"

"ಚಾಡಿ ಹೇಳೋನಾಗಿದ್ರೆ ಯಾಕೆ ಕೈ ಎತ್ತಬೇಕಿತ್ತು? ರಿಜಿಸ್ಟರಲ್ಲಿ ಹಿರಿಯ ನಾನೇ. ನೀನು ಬಾಯಿ ಬಿಡೋಕೆ ಮುಂಚೆ ಮುಗಿದುಹೋಗ್ಲಿ ಅಂತ ಎತ್ತಿದೆ. ನೀನು ಬಿಡ್ಬೇಕಲ್ಲ!"

ಕಾಲರ್ ಬಿಟ್ಟೆ. ನಂಬಲಿಲ್ಲ. ಬರುತ್ತಾ ದಾರಿಯಲ್ಲಿ ಮೂರು ಸಲ ಯೋಚಿಸಿದೆ. ಆಗಲೂ ಪೂರ್ತಿ ನಂಬಲಿಲ್ಲ.

ಏಪ್ರಿಲ್ 11, ಮಧ್ಯಾಹ್ನ ಹನ್ನೆರಡು

ಪಕ್ಕದ ರಾಜ್ಯ. ಕಾರ್ಡಿನ ಆಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಟೋಕನ್ 64. ಈಗ 61.

ದಾಖಲೆ ಇಲ್ಲದವರಿಗೆ ಬಾಲ್ಯದಿಂದ ಬಲ್ಲ ಸಾಕ್ಷಿ ಬೇಕು. ಬಂದವನು ಕೊಕ್ಕರೆ. ನಾನು ಕರೆದಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದ. ಗೋಡೆಯ ಮೇಲೆ ದಪ್ಪ ಅಕ್ಷರ—ತಾರೀಖು ಒಮ್ಮೆ ಬರೆಸಿದರೆ ತಿದ್ದುವಂತಿಲ್ಲ. ಸುಳ್ಳು ಹೇಳಿದವನಿಗೂ ಸಾಕ್ಷಿಗೂ ಜೈಲು.

"ಓದಿದೆಯೇನೋ?"

"ಮೀಟರ್ ಓದೋನು, ಬೋರ್ಡ್ ಓದಲ್ವಾ? ನೀನು ಯಾವ ತಾರೀಖು ಹೇಳಿದ್ರೂ ಸಹಿ ಹಾಕ್ತೀನಿ."

"ಯಾಕೋ? ನಿನಗೇನು ಸಿಗುತ್ತೆ?"

ಕತ್ತು ಕಿಟಕಿಯ ಕಡೆ ತಿರುಗಿಸಿದ. "ನಿನ್ನ ತಂಗಿ ಸ್ಲೇಟ್ ನೋಡಿಕೊಂಡು ನಾಲ್ಕನೇ ಕ್ಲಾಸ್ ಪಾಸಾದೋನು ನಾನು. ಅವಳ ಮಗಳು ಓದಲಿ."

ಇವನ ಸರ್ವೀಸು ಇನ್ನೊಂದೇ ವರ್ಷ. ಮನೆಯಲ್ಲಿ ಮೊಮ್ಮಕ್ಕಳು. ಒಂದು ತಾರೀಖು ಹೇಳಿದರೆ ನನ್ನ ಹುಡುಗಿ ಬೀದಿಗೆ. ಇನ್ನೊಂದು ಹೇಳಿದರೆ ಈ ಪೆದ್ದ ನನ್ನ ಜೊತೆ ಕಂಬಿ ಎಣಿಸಬೇಕು. ಮೋಸಗಾರನೇ ಆಗಿದ್ದಿದ್ದರೆ ಎಷ್ಟು ಸುಲಭವಿತ್ತು! ಪಕ್ಕಕ್ಕೆ ತಿರುಗಿ ಇನ್ನೊಮ್ಮೆ ಮುಖ ನೋಡಿದೆ. ಹುಡುಕಿದೆ. ಏನೂ ಸಿಗಲಿಲ್ಲ.

63.

ಪೆನ್ನಿನ ಮುಚ್ಚಳ ತೆಗೆದು ರೆಡಿಯಾಗಿ ಕೂತಿದ್ದಾನೆ, ಕತ್ತೆ. ನನಗಿಂತ ಮೊದಲು ಎದ್ದ. ಕರೆದರು. ಹೋಗಿ ಹೇಳುತ್ತೇನೆ, ನಾನು ಹುಟ್ಟಿದ್ದು—